ಚಾರ್ಜ್‌ಬ್ಯಾಕ್ ಸೋತ ವರ್ತಕನಿಗೆ ಉಳಿಯುವ ಹಕ್ಕುಗಳು

ಕ್ರೆಡಿಟ್ ಕಾರ್ಡಿನಿಂದ ಹಣ ಕೊಟ್ಟ ಗ್ರಾಹಕ ‘ಸರಕು ತಲುಪಲಿಲ್ಲ’ ಎಂದು ತನ್ನ ಬ್ಯಾಂಕಿಗೆ ದೂರು ಕೊಡುತ್ತಾನೆ. ವರ್ತಕ ಬಿಲ್ಲು, ಕೊರಿಯರ್ ದಾಖಲೆ ಒದಗಿಸಿಯೂ ಸೋಲುತ್ತಾನೆ. ಚಾರ್ಜ್‌ಬ್ಯಾಕ್ ಎಂಬ ಈ ಕ್ರಮದಲ್ಲಿ ಹಣ ಗ್ರಾಹಕನಿಗೆ ಹಿಂದಕ್ಕೆ ಹೋಗುತ್ತದೆ. ಇದೇ ಕೊನೆಯ ತೀರ್ಪೆಂದು ನಂಬಿ ಕೈಚೆಲ್ಲುವ ಸಣ್ಣ ವರ್ತಕರು ನಮ್ಮಲ್ಲಿ ಅನೇಕರು. ಆ ನಂಬಿಕೆಗೆ ಭಾರತದ ಕಾನೂನಿನಲ್ಲಿ ಆಧಾರವಿಲ್ಲ ಎಂಬುದು ಈ ಲೇಖನದ ವಾದ.

ಚಾರ್ಜ್‌ಬ್ಯಾಕ್ ಇತ್ಯರ್ಥವಾಗುವುದು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಗಳ ನಿಯಮಾವಳಿಯಂತೆ. ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ವರ್ತಕನ ಬ್ಯಾಂಕು, ಇವೆರಡರಲ್ಲಿ ಹೊರೆ ಯಾರದು ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಜಾಲದೊಳಗಿನ ಕೊನೆಯ ಮೆಟ್ಟಿಲು ಆರ್ಬಿಟ್ರೇಷನ್. ಅದನ್ನು ಹತ್ತಬೇಕಾದದ್ದು ವರ್ತಕನಲ್ಲ, ಅವನ ಬ್ಯಾಂಕು. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಸೋತರೆ ತೆರಬೇಕಾದ ಶುಲ್ಕ ನೂರಾರು ಡಾಲರ್. ಕೆಲವು ಸಾವಿರ ರೂಪಾಯಿಯ ಮಾರಾಟಕ್ಕೆ ಈ ದಾರಿ ಗಿಟ್ಟದು.

ಖರೀದಿದಾರನ ಬಾಕಿ ಮಾತ್ರ ಇದರಿಂದ ಅಳಿಯುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 55ನೇ ಕಲಮಿನ ಪ್ರಕಾರ, ಸರಕಿನ ಒಡೆತನ ಪಡೆದವನು ಅನ್ಯಾಯವಾಗಿ ಬೆಲೆ ಕೊಡದಿದ್ದರೆ ಮಾರಿದವನು ಅವನ ಮೇಲೆ ದಾವೆ ಹೂಡಬಹುದು. ಜಾಲದ ನಿರ್ಧಾರ ಸಿವಿಲ್ ನ್ಯಾಯಾಲಯವನ್ನು ಕಟ್ಟಿಹಾಕದು. ಅಲ್ಲಿ ಸಾಕ್ಷ್ಯವನ್ನು ಹೊಸದಾಗಿ ತೂಗಲಾಗುತ್ತದೆ. 1963ರ ಕಾಲಮಿತಿ ಕಾಯ್ದೆ ಇದಕ್ಕೆ 3 ವರ್ಷ ಕೊಡುತ್ತದೆ. ಸಾಲದ ಅವಧಿ ಗೊತ್ತುಮಾಡದ ಮಾರಾಟದಲ್ಲಿ ಎಣಿಕೆ ಸರಕು ಒಪ್ಪಿಸಿದ ದಿನದಿಂದಲೇ ಶುರು. ಆದ್ದರಿಂದ ಚಾರ್ಜ್‌ಬ್ಯಾಕ್ ಸೋತ ದಿನದಿಂದ ಲೆಕ್ಕ ಹಾಕಿ ಕೂರುವುದು ಅಪಾಯಕರ. ಮೊದಲು ವಕೀಲರ ನೋಟಿಸ್ ಕಳಿಸುವುದು ವಿವೇಕ. ಕಾರ್ಡು ಕಳವಾಗಿ ನಡೆದ ವ್ಯವಹಾರವಾದರೆ ಮಾತು ಬೇರೆ: ಕಾರ್ಡಿನ ಒಡೆಯ ಅಲ್ಲಿ ಖರೀದಿದಾರನೇ ಅಲ್ಲ, ಅವನ ಮೇಲೆ ದಾವೆ ನಿಲ್ಲದು, ವರ್ತಕ ಹೋಗಬೇಕಾದದ್ದು ಪೊಲೀಸರ ಬಳಿಗೆ.

ತೆರಿಗೆಯ ತೊಡಕು ಇನ್ನೂ ನೋವಿನದು. ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಕಲಂ ಕ್ರೆಡಿಟ್ ನೋಟಿಗೆ ಅವಕಾಶ ಕೊಡುವುದು ಸರಕು ಮರಳಿದಾಗ, ಅದರಲ್ಲಿ ಕೊರತೆ ಕಂಡಾಗ, ಇಲ್ಲವೇ ಬಿಲ್ಲಿನಲ್ಲಿ ಮೌಲ್ಯ ಅಥವಾ ತೆರಿಗೆ ಹೆಚ್ಚಾಗಿ ನಮೂದಾದಾಗ. ವಸೂಲಾಗದ ಬಾಕಿಗೆ ಅದು ಅನ್ವಯಿಸದು. ಸರಕೂ ಹೋಗಿ ಹಣವೂ ಹೋದವನು ತೆರಿಗೆಯನ್ನೂ ಹೊರಬೇಕೆನ್ನುವುದು ನ್ಯಾಯವಲ್ಲ. ಈ ಕಲಮಿಗೆ ತಿದ್ದುಪಡಿ ಬೇಕು.

ಇನ್ನು ಬ್ಯಾಂಕು ಅಥವಾ ಪೇಮೆಂಟ್ ಅಗ್ರಿಗೇಟರ್ ಗಡುವಿನೊಳಗೆ ದಾಖಲೆ ಮುಂದೆ ಕಳಿಸದ ಕಾರಣಕ್ಕೇ ಸೋಲಾಗಿದ್ದರೆ, ಒಪ್ಪಂದದ ಆಧಾರದ ಮೇಲೆ ಅವರಿಂದಲೇ ಪರಿಹಾರ ಕೇಳಬಹುದು. ಒಪ್ಪಂದದ ಕಲಮುಗಳು ಸಾಮಾನ್ಯವಾಗಿ ಅವರ ಪರವಾಗಿಯೇ ಇರುತ್ತವೆ. ಹಾಗಾಗಿ ದಾಖಲೆ ಸಲ್ಲಿಸಿದ ದಿನಾಂಕ ಮತ್ತು ಸೋಲಿನ ಕಾರಣವನ್ನು ವರ್ತಕರು ಪ್ರತಿ ಬಾರಿಯೂ ಬರಹದಲ್ಲೇ ಕೇಳಿ ಪಡೆಯಬೇಕು.