ಎರಡು ವಾರ್ಡುಗಳ ಲೆಕ್ಕ

ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರ ಹೆರಿಗೆಯ ಸಂದರ್ಭದಲ್ಲಿ ದೆಹಲಿಯ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಎರಡು ರಾತ್ರಿ ಕಳೆದೆ. ವಾರ್ಡಿನ ಬಾಗಿಲ ಪಕ್ಕದಲ್ಲಿ ಕೈ ತೊಳೆಯುವ ಕ್ರಮವನ್ನು ತೋರಿಸುವ ಚಿತ್ರಪಟವಿತ್ತು. ಅದರ ಕೆಳಗಿದ್ದ ಸ್ಯಾನಿಟೈಸರ್ ಬಾಟಲಿ ಖಾಲಿಯಾಗಿತ್ತು. ಒಳಗೆ ಹೋಗಿಬರುತ್ತಿದ್ದವರು ಅದರತ್ತ ನೋಡಲಿಲ್ಲ, ನಾನೂ ಬಾಯಿಬಿಡಲಿಲ್ಲ. ಡಾಕ್ಟರರನ್ನು 'ಕೈ ತೊಳೆದುಕೊಂಡಿರಾ' ಎಂದು ಕೇಳುವುದಾದರೂ ಹೇಗೆ? ಈ ಸಂಕೋಚ ನನ್ನೊಬ್ಬನದಲ್ಲ. ಅದಕ್ಕೆ ದೀರ್ಘವಾದ, ದುಬಾರಿಯಾದ ಇತಿಹಾಸವಿದೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಅಬರ್‌ಡೀನ್ ನಗರದಲ್ಲಿ ಬಾಣಂತಿಯರನ್ನು ಬಲಿ ತೆಗೆದುಕೊಳ್ಳುವ ಸೂತಿಕಾಜ್ವರ ಹಬ್ಬಿತ್ತು. ಅಲೆಕ್ಸಾಂಡರ್ ಗಾರ್ಡನ್ ಎಂಬ ವೈದ್ಯ 77 ರೋಗಿಗಳ ಪಟ್ಟಿಯೊಂದನ್ನು ಮಾಡಿ, ಪ್ರತಿಯೊಬ್ಬಳ ಹೆರಿಗೆ ಮಾಡಿಸಿದವರು ಯಾರೆಂದು ಎದುರಿಗೆ ಬರೆದ. ರೋಗವು ಗಾಳಿಯನ್ನಲ್ಲ, ಕೆಲವು ಸೂಲಗಿತ್ತಿಯರನ್ನೂ ವೈದ್ಯರನ್ನೂ ಹಿಂಬಾಲಿಸುತ್ತಿತ್ತು. ಆ ವೈದ್ಯರಲ್ಲಿ ತಾನೂ ಒಬ್ಬನೆಂದು ಗಾರ್ಡನ್ 1795ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಪ್ಪಿಕೊಂಡ. ಸತ್ಯ ಹೇಳಿದ್ದಕ್ಕೆ ಅವನಿಗೆ ದೊರೆತದ್ದು ಊರಿನವರ ವಿರೋಧ. ಅಬರ್‌ಡೀನ್ ತೊರೆದು ಮತ್ತೆ ನೌಕಾದಳದ ಸೇವೆಗೆ ಹೋದ ಅವನು 1799ರಲ್ಲಿ ತೀರಿಕೊಂಡ.

ಇಂಗ್ಲಿಷ್ ಎಂ.ಎ. ಓದಿದ ನಮಗೆ ಆಲಿವರ್ ವೆಂಡೆಲ್ ಹೋಮ್ಸ್ ಪರಿಚಯವಾದದ್ದು ಕವಿಯಾಗಿ, ಲಘು ಪ್ರಬಂಧಕಾರನಾಗಿ. ಅವನು ವೈದ್ಯನೂ ಹೌದು. 1843ರಲ್ಲಿ ಬಾಸ್ಟನ್ನಿನ ವೈದ್ಯರ ಮುಂದೆ ಅವನು ಓದಿದ ಪ್ರಬಂಧದ ವಿಷಯ ಇದೇ ಜ್ವರ. ತನ್ನ ಆರೈಕೆಯಲ್ಲಿ ಒಂದರ ಬೆನ್ನಿಗೊಂದು ಎರಡು ಪ್ರಕರಣಗಳು ಕಂಡರೆ, ವೈದ್ಯನು ಕನಿಷ್ಠ ಒಂದು ತಿಂಗಳಾದರೂ ಹೆರಿಗೆ ಮಾಡಿಸುವುದನ್ನು ನಿಲ್ಲಿಸಬೇಕೆಂದು ಅವನು ಸೂಚಿಸಿದ. ಫಿಲಡೆಲ್ಫಿಯದ ಹೆಸರಾಂತ ಪ್ರಾಧ್ಯಾಪಕ ಚಾರ್ಲ್ಸ್ ಮೀಗ್ಸ್ ಇದನ್ನು ತಳ್ಳಿಹಾಕಿದ. ವೈದ್ಯರು ಸಭ್ಯ ಗೃಹಸ್ಥರು, ಸಭ್ಯರ ಕೈಗಳು ಶುಚಿಯಾಗಿಯೇ ಇರುತ್ತವೆ ಎಂಬುದು ಅವನ ವಾದ.

ಈ ಪ್ರಶ್ನೆ ಅಂಕಿಗಳ ರೂಪದಲ್ಲಿ ಎದ್ದು ನಿಂತದ್ದು ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ 4,010 ಹೆರಿಗೆಗಳಿಗೆ 459 ಸಾವುಗಳು. ಎರಡನೆಯದರಲ್ಲಿ 3,754 ಹೆರಿಗೆಗಳಿಗೆ 105. ಊರಿನ ಬಡ ಹೆಂಗಸರಿಗೆ ಇದು ತಿಳಿದಿತ್ತು. ಮೊದಲ ವಿಭಾಗಕ್ಕೆ ಹಾಕಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಆಸ್ಪತ್ರೆ ಸೇರುವ ಮೊದಲೇ ದಾರಿಯಲ್ಲಿ ಹೆತ್ತವರಿಗೂ ಈ ಜ್ವರ ಅಷ್ಟಾಗಿ ಬರುತ್ತಿರಲಿಲ್ಲ.

ಅಲ್ಲಿ ಸಹಾಯಕನಾಗಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ತರುಣ ವೈದ್ಯ ಒಂದೊಂದೇ ಕಾರಣವನ್ನು ಪರೀಕ್ಷಿಸಿ ಕೈಬಿಟ್ಟ. ಹೆರಿಗೆಯ ಭಂಗಿ ಬದಲಾಯಿಸಿದ, ಸಾಯುವವರ ಬಳಿಗೆ ಬರುತ್ತಿದ್ದ ಪಾದ್ರಿಯ ಗಂಟೆಯನ್ನು ನಿಲ್ಲಿಸಿದ. ಸಾವು ನಿಲ್ಲಲಿಲ್ಲ. 1847ರ ಮಾರ್ಚ್‌ನಲ್ಲಿ ಅವನ ಗೆಳೆಯ ಪ್ರೊಫೆಸರ್ ಕೊಲೆಚ್ಕಾ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ, ಬಾಣಂತಿಯರಂತೆಯೇ ನಂಜೇರಿ ಸತ್ತ. ಸೆಮ್ಮೆಲ್‌ವೈಸ್‌ಗೆ ಉತ್ತರ ದೊರೆಯಿತು: ವಿದ್ಯಾರ್ಥಿಗಳು ಶವಾಗಾರದಿಂದ ನೇರವಾಗಿ ಹೆರಿಗೆಮನೆಗೆ ಬರುತ್ತಿದ್ದರು, ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ಮೇ ತಿಂಗಳಿನಿಂದ, ನಾವು ಬ್ಲೀಚಿಂಗ್ ಪೌಡರ್ ಎಂದು ಕರೆಯುವ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. 1848ರಲ್ಲಿ ಮೊದಲ ವಿಭಾಗದ 3,556 ಹೆರಿಗೆಗಳಿಗೆ ಸಾವುಗಳು ಕೇವಲ 45.

ಇಷ್ಟು ಸ್ಪಷ್ಟವಾದ ಲೆಕ್ಕವೂ ಗೆಲ್ಲಲಿಲ್ಲವೇಕೆ? ರೋಗಾಣುವಿನ ಸಿದ್ಧಾಂತ ಆಗಿನ್ನೂ ನೆಲೆಗೊಂಡಿರಲಿಲ್ಲ ಎಂಬುದು ಒಂದು ಕಾರಣ. ಸೆಮ್ಮೆಲ್‌ವೈಸನ ತಪ್ಪೂ ಇತ್ತು. ಅವನ ಗ್ರಂಥ ಹೊರಬಂದದ್ದು 1861ರಲ್ಲಿ. ಒಪ್ಪದವರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಕರೆದ. ಆದರೆ ಮುಖ್ಯ ಕಾರಣ ಬೇರೆ ಎಂದು ನನಗೆ ತೋರುತ್ತದೆ. ಲೆಕ್ಕವನ್ನು ಒಪ್ಪಿದರೆ ಅದುವರೆಗಿನ ಸಾವುಗಳನ್ನೂ ತಮ್ಮ ಕೈಯವೆಂದು ಒಪ್ಪಬೇಕಿತ್ತು. ಕಡತಗಳ ನಡುವೆ ಬದುಕುವ ನಾನು ಇದನ್ನು ಬಲ್ಲೆ. ಲೆಕ್ಕ ಸುಳ್ಳಾಗಿದ್ದಾಗ ನಾವು ಅಷ್ಟು ಹೆದರುವುದಿಲ್ಲ. ಅದು ನಿಜವಾಗಿದ್ದು ನಮ್ಮ ಸಹಿ ಅದರ ಕೆಳಗಿದ್ದಾಗ ಹೆದರುತ್ತೇವೆ.

1865ರ ಆಗಸ್ಟ್ 13ರಂದು ಸೆಮ್ಮೆಲ್‌ವೈಸ್ ಮಾನಸಿಕ ಚಿಕಿತ್ಸಾಲಯವೊಂದರಲ್ಲಿ, ಗಾಯ ನಂಜಾಗಿ, 47ನೆಯ ವಯಸ್ಸಿನಲ್ಲಿ ಸತ್ತ. ಅದರ ಹಿಂದಿನ ದಿನವೇ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್, ಕಾಲು ಮುರಿದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದ. ಹುಡುಗ ಉಳಿದ. ಪಾಶ್ಚರನ ಶೋಧದ ಬೆಂಬಲವಿದ್ದ ಲಿಸ್ಟರನ ಮಾತಿಗೆ ಲೋಕ ನಿಧಾನವಾಗಿ ಕಿವಿಗೊಟ್ಟಿತು.

ಈಗ ಪ್ರತಿವರ್ಷ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೈಗಳ ಶುಚಿತ್ವದ ದಿನವನ್ನು ಆಚರಿಸುತ್ತದೆ. ಜ್ಞಾನದ ಕೊರತೆ ನೀಗಿದೆ, ಚಿತ್ರಪಟ ಗೋಡೆಯ ಮೇಲಿದೆ. ಉಳಿದಿರುವುದು ಹಳೆಯ ಸಂಕೋಚವೊಂದೇ. ವಿಯೆನ್ನಾದ ಆ ಹೆಂಗಸರು ವೈದ್ಯರಿಗಿಂತ ಮೊದಲೇ ಸತ್ಯ ಕಂಡಿದ್ದರು, ಕೇಳಿಸಿಕೊಳ್ಳುವವರಿರಲಿಲ್ಲ. ಈ ಚರಿತ್ರೆಯನ್ನು ಓದಿದ ಮೇಲೆ ಇನ್ನೊಮ್ಮೆ ಆಸ್ಪತ್ರೆಗೆ ಹೋಗಬೇಕಾಯಿತು. ಅಂದೂ ಬಾಟಲಿ ಖಾಲಿಯಾಗಿತ್ತು. 'ಸಿಸ್ಟರ್, ಇದು ಮುಗಿದಿದೆ' ಎಂದೆ. ಆಕೆ ಬೇಸರಪಟ್ಟುಕೊಳ್ಳದೆ ಒಳಗಿನಿಂದ ಹೊಸ ಬಾಟಲಿ ತಂದಿಟ್ಟು, ಮೊದಲು ತನ್ನ ಕೈಗೇ ಹಾಕಿಕೊಂಡಳು.