ಹಿಮದ ಬೆಟ್ಟದಲ್ಲಿ ಬ್ಯಾಗು ಕಾಯೋರು ಯಾರು?

ಗುಲ್ಮಾರ್ಗ್‌ಗೆ ಹೋಗಿ ಬಂದಾಗಿನಿಂದ ನಮ್ಮ ಬೀದಿಯಲ್ಲಿ ಸಿಕ್ಕೋರೆಲ್ಲ ಕೇಳೋದು ಒಂದೇ ಮಾತು, "ಹಿಮದಲ್ಲಿ ಜಾರಿದ್ರಾ?" ಸೊಪ್ಪಿನ ಗಾಡಿ ಹತ್ರ ಕೇಳಿದೋರಿಗೆ ನಕ್ಕು ಸುಮ್ಮನಾದೆ. ಒಂದು ಮಾತಲ್ಲಿ ಮುಗಿಯೋ ಕತೆ ಅಲ್ಲ ಅದು. ಇವತ್ತು ಅಡುಗೆ ಬೇಗ ಮುಗೀತು, ಕೂತು ಬರೀತಿದೀನಿ.

ಮಗ, ಸೊಸೆ, ಮೊಮ್ಮಗಳು, ನಮ್ಮೆಜಮಾನ್ರು, ನಾನು, ಐದು ಜನ. ಶ್ರೀನಗರದಿಂದ ತಂಗ್‌ಮಾರ್ಗ್‌ವರೆಗೆ ಕಾರು, ಅಲ್ಲಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ. ಉದ್ದ ಕೋಟು, ಗಮ್‌ಬೂಟು ಎಲ್ಲಾ ಬಾಡಿಗೆಗೆ. ಮೇಲೆ ಹೋದ್ಮೇಲೆ ಮಗ ಸ್ನೋಬೋರ್ಡ್ ತಗೊಂಡ, ಅಂದ್ರೆ ಎರಡೂ ಕಾಲಿಗೆ ಸೇರಿ ಒಂದೇ ಅಗಲದ ಹಲಗೆ. ಸೊಸೆ, ಮೊಮ್ಮಗಳು ಸ್ಕೀ ತಗೊಂಡ್ರು, ಕಾಲಿಗೊಂದೊಂದು ಉದ್ದನೆ ಪಟ್ಟಿ. ಯಜಮಾನ್ರು ಫೋಟೋ ತೆಗೆಯೋಕೆ ಹೊರಟ್ರು. ನನ್ನನ್ನ ಯಾರೂ ಕೂರು ಅನ್ನಲಿಲ್ಲ, ಬಾ ಅಂತಾನೂ ಅನ್ನಲಿಲ್ಲ. ಐದು ಬ್ಯಾಗು, ಚಕ್ಕುಲಿ ಡಬ್ಬ, ಎಲ್ಲರ ಚಪ್ಪಲಿ ಬೂಟು ಸುತ್ತ ಇಟ್ಕೊಂಡು ಟೀ ಅಂಗಡಿ ಬೆಂಚಿನ ಮೇಲೆ ಕೂತೆ. ತಿರುಪತಿಯಲ್ಲೂ ನಾನೇ, ಕನ್ಯಾಕುಮಾರೀಲೂ ನಾನೇ. ಇದು ಹೊಸದೇನಲ್ಲ.

ಕಹ್ವಾ ಕುಡೀತಾ ಕೂತಾಗ ಒಂದು ಯೋಚನೆ ಬಂತು. ಈ ಜಾರೋ ಆಟ ಶುರು ಮಾಡಿದೋರು ಯಾರು, ಮನೆಮಂದಿಯೆಲ್ಲ ಬಂದು ಆಡೋ ಹಾಗೆ ಆಗಿದ್ದು ಯಾವಾಗ? ಊರಿಗೆ ಬಂದ್ಮೇಲೆ ಓದಿ ತಿಳ್ಕೊಂಡೆ. ಅದನ್ನೇ ನಿಮಗೂ ಹೇಳ್ತೀನಿ.

'ಸ್ಕೀ' ಅನ್ನೋ ಮಾತು ನಾರ್ವೆ ಕಡೆಯ ಹಳೇ ಭಾಷೇದು. ಸೀಳಿದ ಕಟ್ಟಿಗೆ ಅಂತ ಅರ್ಥ. ನಮ್ಮಜ್ಜಿ ಸೌದೆ ಸೀಳು ಅಂತಿದ್ರಲ್ಲ, ಅದೇ. ಆಟಕ್ಕೆ ಅಂತ ಹುಟ್ಟಿದ್ದಲ್ಲ ಅದು. ಹಿಮ ಬಿದ್ದು ದಾರಿ ಮುಚ್ಚಿದಾಗ ಬೇಟೆಗೆ, ಸೌದೆಗೆ, ಪಕ್ಕದೂರಿಗೆ ಹೋಗೋಕೆ ಸಾವಿರಾರು ವರ್ಷದಿಂದ ಬಳಸ್ತಿದ್ರು. ಮೊದಮೊದಲು ಬೆರಳಿನ ಕಡೆ ಮಾತ್ರ ಪಟ್ಟಿಗೆ ಕಟ್ಟಿರ್ತಿತ್ತು, ಹಿಮ್ಮಡಿ ಸಡಿಲ. ಹಂಗಾಗಿ ಇಳಿಜಾರಲ್ಲಿ ತಿರುಗಿಸೋದು ಕಷ್ಟ. 1800ರ ದಶಕಗಳಲ್ಲಿ ಟೆಲಿಮಾರ್ಕ್ ಸೀಮೆಯ ಸೋಂಡ್ರೆ ನೋರ್‌ಹೈಮ್ ಅನ್ನೋ ಬಡ ರೈತ ಎಳೇ ಕೊಂಬೆ ತಿರುಚಿ ಹಿಮ್ಮಡಿ ಸುತ್ತಲೂ ಕಟ್ಟಿ ನೋಡಿದ. ಪಟ್ಟಿ ಕಾಲಿನ ಮಾತು ಕೇಳೋಕೆ ಶುರುವಾಯ್ತು. 1868ರಲ್ಲಿ ಈಗಿನ ಓಸ್ಲೋದಲ್ಲಿ ನಡೆದ ಸ್ಪರ್ಧೆಯಲ್ಲಿ ಅವನ ಜಾರಾಟ ನೋಡಿ ಪೇಟೆ ಜನ ಬೆರಗಾದ್ರಂತೆ.

ಆದ್ರೆ ಜಾರೋಕೆ ಮೊದಲು ಹತ್ತಬೇಕಲ್ಲ! ಬಲವಾದ ಗಂಡಸರು ಪಟ್ಟಿ ಹೆಗಲ ಮೇಲೆ ಹೊತ್ಕೊಂಡು ಹತ್ತಿಬಿಡ್ತಿದ್ರು. ಮಕ್ಕಳು, ವಯಸ್ಸಾದೋರು, ಉಬ್ಬಸದೋರು ಏನು ಮಾಡ್ಬೇಕು? 1908ರಲ್ಲಿ ಜರ್ಮನಿಯ ಕಪ್ಪು ಕಾಡು ಸೀಮೆಯಲ್ಲಿ ರಾಬರ್ಟ್ ವಿಂಟರ್‌ಹಾಲ್ಡರ್ ಅಂತ ಒಬ್ಬ, ಮನೇಲಿ ಅತಿಥಿಗಳನ್ನ ಇಳಿಸ್ಕೊಳ್ತಿದ್ದ. ಬಂದೋರು ಏದುಸಿರು ಬಿಡೋದು ನೋಡಿ, ನೀರಿನ ಗಿರಣಿಯ ಬಲದಿಂದ ಹಗ್ಗ ಸುತ್ತೋ ಹಾಗೆ ಮಾಡಿದ. ಹಗ್ಗ ಹಿಡ್ಕೊಂಡ್ರೆ ಸಾಕು, ಮೇಲಕ್ಕೆ ಎಳೀತಿತ್ತು.

ಅದಕ್ಕಿಂತ ಚೆನ್ನಾಗಿರೋದು ಕುರ್ಚಿ ಕತೆ. ಅಮೆರಿಕದಲ್ಲಿ ಒಂದು ರೈಲ್ವೆ ಕಂಪನಿ ಐಡಹೋ ರಾಜ್ಯದ ಸನ್ ವ್ಯಾಲಿಯಲ್ಲಿ ಹಿಮದ ರೆಸಾರ್ಟ್ ಕಟ್ಟಿಸ್ತು. ಅಲ್ಲಿನ ಎಂಜಿನಿಯರ್ ಜೇಮ್ಸ್ ಕರನ್ ಹಿಂದೆ ಹಡಗಿಗೆ ಬಾಳೆಗೊನೆ ತುಂಬೋ ಯಂತ್ರದ ಕೆಲಸ ಮಾಡಿದ್ದೋನು. ಓಡೋ ತಂತಿಗೆ ಕೊಕ್ಕೆ, ಕೊಕ್ಕೆಗೆ ಗೊನೆ. ಕೊಕ್ಕೆ ಜಾಗದಲ್ಲಿ ಕುರ್ಚಿ ಕಟ್ಟಿದ್ರೆ ಜನಾನೂ ಹೋಗಬಹುದಲ್ಲ ಅಂತ ಅವನಿಗೆ ಹೊಳೀತು. 1936ರಲ್ಲಿ ಪ್ರಪಂಚದ ಮೊದಲ ಚೇರ್‌ಲಿಫ್ಟ್ ಹಂಗೆ ಬಂತು. ಬಾಳೆಗೊನೆ ಹೋದ ದಾರೀಲಿ ಅಜ್ಜಿ ಮೊಮ್ಮಕ್ಕಳೂ ಬೆಟ್ಟ ಹತ್ತಿದ್ರು ಅನ್ನಿ!

ಮಗ ಹಾಕ್ಕೊಂಡಿದ್ದ ಒಂಟಿ ಹಲಗೆ ಹುಟ್ಟಿದ್ದಂತೂ ಪಕ್ಕಾ ಮನೆ ಜಂಜಾಟದಲ್ಲಿ. 1965ರ ಕ್ರಿಸ್‌ಮಸ್ ದಿನ, ಅಮೆರಿಕದ ಮಿಶಿಗನ್ ರಾಜ್ಯ. ಶರ್ಮನ್ ಪಾಪೆನ್ ಅನ್ನೋರ ಹೆಂಡತಿ ನ್ಯಾನ್ಸಿ ಬಸುರಿ, ಇಬ್ಬರು ಹೆಣ್ಣುಮಕ್ಕಳು ಮನೆಯೊಳಗೆ ಒಂದೇ ಗಲಾಟೆ. ಇವರನ್ನ ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ ಅಂತ ಆಕೆ ಗಂಡನನ್ನ ಅಟ್ಟಿದ್ರು. ಮಗಳು ಜಾರುಗಾಡಿ ಮೇಲೆ ನಿಂತ್ಕೊಂಡೇ ಜಾರೋದು ನೋಡಿ, ಅಪ್ಪ ಎರಡು ಸ್ಕೀ ಪಟ್ಟಿ ಜೋಡಿಸಿ ಅಡ್ಡಪಟ್ಟಿ ಹೊಡೆದು ಒಂದು ಹಲಗೆ ಮಾಡ್ಕೊಟ್ರು. ಅದಕ್ಕೆ 'ಸ್ನರ್ಫರ್' ಅಂತ ಹೆಸರಿಟ್ಟಿದ್ದೂ ನ್ಯಾನ್ಸಿನೇ. ಸ್ನೋಬೋರ್ಡಿನ ಮೂಲ ಅದು. 1998ರಲ್ಲಿ ಜಪಾನಿನ ನಗಾನೋದಲ್ಲಿ ಒಲಿಂಪಿಕ್ಸ್‌ಗೂ ಬಂತು. ಬಸುರಿ ಹೆಂಗಸಿಗೆ ಒಂದು ಗಳಿಗೆ ನೆಮ್ಮದಿ ಬೇಕಿತ್ತು. ಅದರಿಂದ ಏನೆಲ್ಲಾ ಆಯ್ತು ನೋಡಿ!

ಹೆಣ್ಣುಮಕ್ಕಳ ಸರದಿ ಮಾತ್ರ ನಿಧಾನಕ್ಕೆ ಬಂತು. 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಇದ್ದಿದ್ದು ಐಸ್ ಮೇಲಿನ ಫಿಗರ್ ಸ್ಕೇಟಿಂಗ್ ಒಂದೇ. ಬೆಟ್ಟದಿಂದ ಇಳಿಯೋ ಸ್ಕೀಗೆ 1936ರಲ್ಲಿ ಬಿಟ್ಕೊಂಡ್ರು. ಸಮತಟ್ಟಾದ ಹಿಮದಲ್ಲಿ ದೂರ ಹೋಗೋ ಸ್ಪರ್ಧೆಗೆ 1952ರಲ್ಲಿ. ಗಂಡಸರು 1924ರಿಂದಲೇ ಮಾಡ್ತಿದ್ದ ಸ್ಕೀ ಜಿಗಿತಕ್ಕೆ 2014ರವರೆಗೂ ಕಾಯಿಸಿದ್ರು. ತೊಂಬತ್ತು ವರ್ಷ! ಅಷ್ಟು ದಿನ ಅವರು ಕೆಳಗೆ ನಿಂತು ಏನು ಕಾಯ್ತಿದ್ರೋ ನನಗೆ ಚೆನ್ನಾಗಿ ಗೊತ್ತು.

ನಮ್ಮ ದೇಶದ ಲೆಕ್ಕ ನೋಡಿದ್ರೆ, ಬೇಸಿಗೆಯ ತಂಪಿಗೆ ಅಂತ ಗುಲ್ಮಾರ್ಗ್‌ಗೆ ಬರ್ತಿದ್ದ ಬ್ರಿಟಿಷರು 1927ರಲ್ಲಿ ಅಲ್ಲಿ ಸ್ಕೀ ಕ್ಲಬ್ ಮಾಡಿದ್ರು. ಸ್ವಾತಂತ್ರ್ಯ ಬಂದ್ಮೇಲೆ, 1968ರಲ್ಲಿ, ಸರ್ಕಾರದ ತರಬೇತಿ ಸಂಸ್ಥೆ ಬಂತು. ಮೇಲೆ ಹೋಗೋಕೆ ಗೊಂಡೋಲಾ, ಅಂದ್ರೆ ತಂತಿ ಮೇಲಿನ ಡಬ್ಬಿ ಗಾಡಿ, 1998ರಲ್ಲಿ ಕೊಂಗ್‌ಡೂರಿವರೆಗೆ, 2005ರಲ್ಲಿ ಅಫರ್‌ವತ್ ಬೆಟ್ಟದ ಕಡೆಗೆ. ನಮ್ಮ ಮುಳ್ಳಯ್ಯನಗಿರಿ ಎತ್ತರ ಸುಮಾರು 1,930 ಮೀಟರ್, ಗುಲ್ಮಾರ್ಗ್ ಊರೇ 2,650. ಗೊಂಡೋಲಾದ ಕೊನೆ ನಿಲ್ದಾಣ ಅಂತೂ ಮುಳ್ಳಯ್ಯನಗಿರಿಯ ಎರಡರಷ್ಟು.

1988ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಶೈಲಜಾ ಕುಮಾರ್ ಸ್ಕೀ ಮಾಡಿದ್ರು. ಚಳಿಗಾಲದ ಒಲಿಂಪಿಕ್ಸ್‌ಗೆ ಹೋದ ಮೊದಲ ಭಾರತದ ಹೆಣ್ಣುಮಗಳು ಅವರೇ. ಇನ್ನು ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ! ಕಾಫಿ ನಾಡಲ್ಲಿ ಹಿಮ ಎಲ್ಲಿಂದ ಬರ್ಬೇಕು? ಆ ಹುಡುಗಿ ಆರಿಸ್ಕೊಂಡಿದ್ದು ದೂರದ ಓಟದ ಸ್ಕೀ. ಅದರಲ್ಲಿ ಲಿಫ್ಟ್ ಇಲ್ಲ, ಬರೀ ಇಳಿಜಾರೂ ಅಲ್ಲ. ಹಿಮ್ಮಡಿ ಸಡಿಲ ಇರೋ ಪಟ್ಟಿ ಹಾಕ್ಕೊಂಡು ಕೈಕಾಲಿನ ಬಲದಿಂದಲೇ ಕಿಲೋಮೀಟರ್‌ಗಟ್ಟಲೆ ತಳ್ಕೊಂಡು ಹೋಗ್ಬೇಕು. ಇದೇ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದ್ಳು. 2023ರಲ್ಲಿ ಸ್ಲೊವೇನಿಯಾದ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದ್ಳು, 2025ರಲ್ಲಿ ಚಿಲಿ ದೇಶದಲ್ಲಿ 5 ಕಿಲೋಮೀಟರ್ ಸ್ಪರ್ಧೆಯಲ್ಲಿ ಕಂಚು ಗೆದ್ಳು.

ಇದೆಲ್ಲಾ ಆ ದಿನ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಬೆಂಚಿನಿಂದ ಇನ್ನೂ ಬೇಗ ಏಳ್ತಿದ್ದೆನೋ ಏನೋ. ಮಧ್ಯಾಹ್ನ ಮೊಮ್ಮಗಳು ಮೂಗು ಕೆಂಪಗೆ ಮಾಡ್ಕೊಂಡು ಬಂದು, "ಅಜ್ಜಿ, ನೀವು ಯಾಕೆ ಬರಲ್ಲ?" ಅಂದ್ಳು. "ಬ್ಯಾಗು ಯಾರು ನೋಡ್ಕೋತಾರೆ ಪುಟ್ಟಿ?" ಅಂದೆ. ಅವಳು ತಾತನ ಕಡೆ ತಿರುಗಿ, "ತಾತ, ನೀವು ಕೂತ್ಕೊಳ್ಳಿ" ಅಂದ್ಳು, ಅಷ್ಟೇ. ನಾನು ಮೂವತ್ತು ವರ್ಷದಲ್ಲಿ ಹೇಳದೇ ಇದ್ದಿದ್ದು ಅವಳಿಗೆ ಅರೆಗಳಿಗೇಲಿ ಬಂತು. ಅವರೂ ತಕರಾರಿಲ್ಲದೆ ಚಕ್ಕುಲಿ ಡಬ್ಬ ತೆಗೆದು ಕೂತ್ರು. ಪಾಪ, ಇಷ್ಟು ದಿನ ನಾನು ಒಂದ್ಸಲನಾದ್ರೂ ಕೇಳಿದ್ನಾ?

ಮುಂದಿನ ಸಲ ನೋಡೋಣ ಅನ್ನೋ ಮಾತು ಬಾಯಿತುದೀಲಿತ್ತು. ಆದ್ರೆ ಟೀ ಅಂಗಡಿಯವರು ಬೆಳಿಗ್ಗೆ ಹೇಳಿದ್ದು ನೆನಪಾಯ್ತು. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹಿಮಾನೇ ಇರಲಿಲ್ಲ, ಬೆಟ್ಟವೆಲ್ಲ ಕಂದು ಬಣ್ಣ, ಜಾರುಗಾಡಿ ಎಳೆಯೋರು ಕೈಕಟ್ಟಿ ಕೂತಿದ್ರು. ಮಂಡಿನೂ ಕಾಯಲ್ಲ, ಹಿಮಾನೂ ಕಾಯಲ್ಲ.

ಸ್ಕೀ ಬೂಟು ಹಾಕ್ಕೊಂಡ್ರೆ ಕಾಲಿಗೆ ಪ್ಲಾಸ್ಟರ್ ಹಾಕಿದ ಹಾಗೆ, ಬಗ್ಗಲ್ಲ. ಮಕ್ಕಳು ಕಲಿಯೋ ಇಳಿಜಾರಲ್ಲಿ ಕಲಿಸೋ ಹುಡುಗ ನನ್ನೆರಡು ಕೈ ಹಿಡ್ಕೊಂಡು ಹಿಂದಕ್ಕೆ ನಡೆದ. ಪಟ್ಟಿಯ ಮುಂದಿನ ತುದಿ ಎರಡೂ ಹತ್ತಿರ ತಂದು, ಹಿಮ್ಮಡಿ ಕಡೆ ಅಗಲ ಮಾಡಿದ್ರೆ ವೇಗ ಇಳಿಯುತ್ತೆ ಅಂತ ತೋರಿಸ್ಕೊಟ್ಟ. ಕೈ ಬಿಟ್ಟ. ಹತ್ತು ಅಡಿ ಜಾರಿದೆ, ದಬಕ್ಕನೆ ಕೂತೆ. ಏಳೋಕೆ ಇಬ್ಬರು ಬೇಕಾದ್ರು. ಇನ್ನೊಂದ್ಸಲ ಅಂದೆ.

ನೀವೂ ಹೋಗೋದಾದ್ರೆ ಉಣ್ಣೆ ಕಾಲುಚೀಲ ಎರಡು ಜೊತೆ ಜಾಸ್ತಿ ಇಟ್ಕೊಳ್ಳಿ, ಗೊಂಡೋಲಾ ಟಿಕೆಟ್ ಮುಂಚೆನೇ ತಗೊಳ್ಳಿ, ಬಾಡಿಗೆ ಎಷ್ಟು ಅಂತ ಮೊದಲೇ ಮಾತಾಡ್ಕೊಳ್ಳಿ. ಬಿಪಿ, ಉಬ್ಬಸ ಇರೋರು ತೀರಾ ಮೇಲಿನ ನಿಲ್ದಾಣಕ್ಕೆ ಡಾಕ್ಟರನ್ನ ಕೇಳದೆ ಹೋಗ್ಬೇಡಿ. ಬ್ಯಾಗು ಕಾಯೋಕೆ ಒಬ್ಬೊಬ್ಬರಿಗೆ ಅರ್ಧರ್ಧ ಗಂಟೆ ಅಂತ ಮನೇಲೇ ಸರದಿ ಬರೆದಿಡಿ.