ಆಯಿಲ್ ಇಂಡಿಯಾ ಲಿಮಿಟೆಡ್: ಬೆಳವಣಿಗೆ ಮತ್ತು ಪರಿಸರ

ಆಯಿಲ್ ಇಂಡಿಯಾ ಕಚ್ಚಾತೈಲ ಮತ್ತು ನೈಸರ್ಗಿಕ ಅನಿಲವನ್ನು ಹುಡುಕಿ ಹೊರತೆಗೆಯುವ ಕೇಂದ್ರ ಸರ್ಕಾರಿ ಉದ್ದಿಮೆ. ಈ ಕೆಲಸದಲ್ಲಿರುವ ಸರ್ಕಾರಿ ಕಂಪನಿಗಳಲ್ಲಿ ಓಎನ್‌ಜಿಸಿಯ ನಂತರದ ಸ್ಥಾನ ಇದರದು. ನೋಂದಾಯಿತ ಕಚೇರಿ ಮೇಲಣ ಅಸ್ಸಾಮಿನ ದುಲಿಯಾಜಾನ್‌ನಲ್ಲಿದೆ.

ಕಂಪನಿಯ ಬೇರು ದಿಗ್ಬೋಯ್‌ನಲ್ಲಿದೆ. ರೈಲುದಾರಿಗೆ ಮರ ಎಳೆಯುತ್ತಿದ್ದ ಆನೆಗಳ ಕಾಲಿಗೆ ಎಣ್ಣೆ ಮೆತ್ತಿಕೊಂಡಿದ್ದನ್ನು ಕಂಡ ಇಂಗ್ಲಿಷ್ ಎಂಜಿನಿಯರ್ ‘ಡಿಗ್, ಬಾಯ್’ ಎಂದು ಕೂಗಿದನಂತೆ, ಊರಿಗೆ ಅದೇ ಹೆಸರಾಯಿತಂತೆ. ಕಥೆ ಕೇಳಲು ಚೆನ್ನ, ನಂಬಲು ಕಷ್ಟ. 1889ರಲ್ಲಿ ಅಲ್ಲಿ ಬಾವಿ ಕೊರೆಯಲು ಆರಂಭಿಸಿದ್ದು, 1899ರಲ್ಲಿ ಅಸ್ಸಾಂ ಆಯಿಲ್ ಕಂಪನಿ ಹುಟ್ಟಿದ್ದು, 1901ರಲ್ಲಿ ಸಂಸ್ಕರಣಾಗಾರ ಶುರುವಾಗಿದ್ದು ಮಾತ್ರ ದಾಖಲೆಯಲ್ಲಿರುವ ಸಂಗತಿಗಳು. 1921ರಲ್ಲಿ ಆ ಕಂಪನಿ ಬರ್ಮಾ ಆಯಿಲ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋಯಿತು. ಸ್ವಾತಂತ್ರ್ಯಾನಂತರ ನಹರ್‌ಕಟಿಯಾ, ಮೋರಾನ್‌ಗಳಲ್ಲಿ ತೈಲ ಸಿಕ್ಕಾಗ, ಅವನ್ನು ಬೆಳೆಸಲೆಂದು 1959ರ ಫೆಬ್ರುವರಿ 18ರಂದು ಆಯಿಲ್ ಇಂಡಿಯಾ ಸ್ಥಾಪನೆಯಾಯಿತು. 1961ರಲ್ಲಿ ಸರ್ಕಾರ ಮತ್ತು ಬರ್ಮಾ ಆಯಿಲ್ ಸಮಪಾಲುದಾರರಾದರು. 1981ರಲ್ಲಿ ಕಂಪನಿ ಪೂರ್ತಿ ಸರ್ಕಾರದ್ದಾಯಿತು.

ಈ ಬೆಳವಣಿಗೆಯ ಬೆನ್ನೆಲುಬು ಒಂದು ಕೊಳವೆ. ನಹರ್‌ಕಟಿಯಾದಿಂದ ಬಿಹಾರದ ಬರೌನಿವರೆಗೆ 1,157 ಕಿಲೋಮೀಟರ್ ಹರಿದ ಅದು ಅಸ್ಸಾಮಿನ ಎಣ್ಣೆಯನ್ನು ಹೊರಗೆ ಸಾಗಿಸಿತು. ಬಾವಿ ನಮ್ಮಲ್ಲಿ, ದೊಡ್ಡ ಸಂಸ್ಕರಣಾಗಾರ ಬಿಹಾರದಲ್ಲಿ ಎಂಬ ಕೊರಗು ಅಲ್ಲಿಯವರಿಗೆ ಮೊದಲಿನಿಂದಲೂ ಇತ್ತು. ವಿದೇಶಿ ವಲಸಿಗರ ವಿರುದ್ಧದ ಅಸ್ಸಾಂ ಚಳವಳಿಯ ಕಾಲದಲ್ಲಿ ‘ರಕ್ತ ಕೊಟ್ಟೇವು, ಎಣ್ಣೆ ಕೊಡೆವು’ ಎಂಬ ಘೋಷಣೆ ಎದ್ದು, 1979ರ ಕೊನೆಯಲ್ಲಿ ತೈಲ ಸಾಗಣೆಯನ್ನೇ ತಡೆಯಲಾಯಿತು. ಆಗಿನ ಜಗಳ ಎಣ್ಣೆ ಯಾರದೆಂಬುದರ ಸುತ್ತ ಇತ್ತು. ನೆಲ, ನೀರುಗಳಿಗೆ ಏನಾಗುತ್ತದೆಂಬ ಪ್ರಶ್ನೆ ಮುಂದಕ್ಕೆ ಬಂದಿದ್ದು ಬಹಳ ತಡವಾಗಿ.

ಆ ಪ್ರಶ್ನೆಯನ್ನು ದೇಶದ ಮುಂದಿಟ್ಟಿದ್ದು ತಿನ್‌ಸುಕಿಯಾ ಜಿಲ್ಲೆಯ ಬಾಘ್‌ಜಾನ್‌ನ ಐದನೇ ಬಾವಿ. ಒಂದು ಪಕ್ಕದಲ್ಲಿ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ, ಇನ್ನೊಂದು ಪಕ್ಕದಲ್ಲಿ ಮಾಗುರಿ-ಮೋಟಾಪುಂಗ್ ಬೀಲ್, ಅಂದರೆ ಮೀನುಗಾರರ ಬದುಕಿಗೆ ಆಸರೆಯಾದ ಜೌಗು ಕೆರೆ. 2020ರ ಮೇ 27ರಂದು ಬಾವಿಯ ದುರಸ್ತಿ ನಡೆದಿತ್ತು. ಬಾವಿಬಾಯಿಯ ಒತ್ತಡ ತಡೆಯುವ ಭಾರೀ ಕವಾಟವನ್ನು ಕಳಚಿದ್ದ ಹೊತ್ತಿನಲ್ಲಿ ಒಳಗಿನ ಅನಿಲ ಹಿಡಿತ ತಪ್ಪಿ ಮೇಲಕ್ಕೆ ಚಿಮ್ಮಿತು. ಅನಿಲದ ಜೊತೆ ಬಂದ ತೆಳು ಎಣ್ಣೆ ಮಳೆಯ ತುಂತುರಿನಂತೆ ಚಹಾ ಗಿಡ, ಅಡಿಕೆ ಮರ, ಹುಲ್ಲುಗಾವಲುಗಳ ಮೇಲೆ ಇಳಿಯಿತು. ಬೀಲ್‌ನ ನೀರಿನ ಮೇಲೆ ಬಣ್ಣಬಣ್ಣದ ಪದರ ಕಟ್ಟಿತು, ಮೀನುಗಳು ತೇಲಿದವು, ನದಿ ಡಾಲ್ಫಿನ್ ಒಂದರ ಕಳೇಬರವೂ ಸಿಕ್ಕಿತು. ಸಾವಿರಾರು ಜನ ಮನೆ ಬಿಟ್ಟು ಪರಿಹಾರ ಶಿಬಿರ ಸೇರಿದರು, ಅದೂ ಕೊರೊನಾ ಕಾಲದಲ್ಲಿ.

ಜೂನ್ 9ರಂದು ಬಾವಿಗೆ ಬೆಂಕಿ ಹತ್ತಿತು. ಕಂಪನಿಯ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಸಿಂಗಪುರದ ತಜ್ಞರು ಬಂದರು, ಕೆನಡಾದಿಂದ ಯಂತ್ರ ಬಂತು. ಹಗಲಿರುಳೂ ಬಾವಿಯ ಮೊರೆತ ಕೇಳುತ್ತಿದ್ದ ಊರಿಗೆ ನಿಶ್ಶಬ್ದ ಮರಳಿದ್ದು ಐದೂವರೆ ತಿಂಗಳ ಬಳಿಕ, ನವೆಂಬರ್ 15ರಂದು ಬಾವಿಯನ್ನು ಅದುಮಿದಾಗ. 2005ರಲ್ಲಿ ದಿಕೋಮ್‌ನಲ್ಲೂ ಇದೇ ಕಂಪನಿಯ ಬಾವಿಯೊಂದು ಸಿಡಿದು ಉರಿದಿತ್ತು. ಹಾಗಾಗಿ ಬಾಘ್‌ಜಾನ್ ಅನ್ನು ಯಾರೂ ಊಹಿಸದ ಅವಘಡವೆನ್ನಲಾಗದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಧ್ಯಂತರವಾಗಿ 25 ಕೋಟಿ ರೂಪಾಯಿ ಠೇವಣಿ ಇಡುವಂತೆ ಕಂಪನಿಗೆ ಆದೇಶಿಸಿತು.

ಈ ಪ್ರಕರಣದಲ್ಲಿ ಅಷ್ಟಾಗಿ ಚರ್ಚೆಯಾಗದ ಒಂದು ದಿನಾಂಕವಿದೆ. ಅವಘಡಕ್ಕೆ ಎರಡು ವಾರ ಮೊದಲಷ್ಟೇ, ಮೇ 11ರಂದು, ಉದ್ಯಾನದ ತಳದಲ್ಲಿ ಏಳು ಕಡೆ ತೈಲ ಹುಡುಕಲು ಕೇಂದ್ರ ಪರಿಸರ ಸಚಿವಾಲಯ ಅನುಮತಿ ಕೊಟ್ಟಿತ್ತು. ಗಡಿಯಾಚೆ ಯಂತ್ರ ನಿಲ್ಲಿಸಿ, ಭೂಮಿಯೊಳಗೆ ಓರೆಯಾಗಿ ಕೊರೆದುಕೊಂಡು ಹೋಗುವ ವಿಧಾನವಿದು. ಕಾಡಿಗೆ ಕಾಲಿಡುವುದೇ ಇಲ್ಲವಲ್ಲ ಎನ್ನುವುದು ಕಂಪನಿಯ ವಾದ. ಆದರೆ ಬಾಘ್‌ಜಾನ್ ಬಾವಿಯೂ ಉದ್ಯಾನದ ಹೊರಗೇ ಇತ್ತು. ಡಿಸೆಂಬರ್‌ನಲ್ಲಿ ಗುವಾಹಟಿ ಹೈಕೋರ್ಟ್ ಆ ಅನುಮತಿಗೆ ತಡೆ ನೀಡಿತು.

ವಿಸ್ತರಣೆ ಇದರಿಂದ ನಿಲ್ಲಲಿಲ್ಲ. 2021ರ ಮಾರ್ಚ್‌ನಲ್ಲಿ ಅಸ್ಸಾಮಿನ ನುಮಾಲಿಗಢ ಸಂಸ್ಕರಣಾಗಾರದ ಬಹುಪಾಲು ಷೇರು ಆಯಿಲ್ ಇಂಡಿಯಾದ ಪಾಲಾಯಿತು. 2022ರಲ್ಲಿ ಜೋರ್‌ಹಾಟ್‌ನಲ್ಲಿ ಹಸಿರು ಜಲಜನಕ ಘಟಕ ಆರಂಭವಾಯಿತು. ಶುರುವಿನ ಸಾಮರ್ಥ್ಯ ದಿನಕ್ಕೆ 10 ಕಿಲೋ. 2023ರಲ್ಲಿ ಕಂಪನಿಗೆ, ದೊಡ್ಡ ಕೇಂದ್ರ ಸರ್ಕಾರಿ ಉದ್ದಿಮೆಗಳಿಗೆ ಕೊಡುವ ‘ಮಹಾರತ್ನ’ ಪಟ್ಟ ಸಿಕ್ಕಿತು. ನುಮಾಲಿಗಢದ ಸಾಮರ್ಥ್ಯವನ್ನು ವರ್ಷಕ್ಕೆ 30 ಲಕ್ಷ ಟನ್‌ನಿಂದ 90 ಲಕ್ಷ ಟನ್‌ಗೆ ಏರಿಸುವ ಯೋಜನೆಗೆ ಅಸ್ಸಾಮಿನ ಎಣ್ಣೆ ಸಾಲದು. ಅದಕ್ಕೆಂದೇ ಒಡಿಶಾದ ಪಾರಾದೀಪ್ ಬಂದರಿನಿಂದ ಆಮದು ತೈಲ ತರಲು ಸುಮಾರು 1,600 ಕಿಲೋಮೀಟರ್‌ನ ಹೊಸ ಕೊಳವೆಮಾರ್ಗ ಕೈಗೆತ್ತಿಕೊಳ್ಳಲಾಯಿತು. ಈ ಸಲ ಎಣ್ಣೆ ಹರಿಯುವುದು ಅಸ್ಸಾಮಿನ ಕಡೆಗೆ.